ಔಷಧಕ್ಕೆ ಸಾಯದ ಹುಳು

ಕಾರ್ತಿಕ ಮಾಸ ಕಾಲಿಡುವ ಹೊತ್ತಿಗೆ ಕಲಬುರಗಿಯ ಸುತ್ತಣ ಎರೆಭೂಮಿಯೆಲ್ಲ ತೊಗರಿಯ ಹಳದಿ ಹೂವಿನಿಂದ ತುಂಬಿರುತ್ತದೆ. ಆಗ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ, ಯಾವ ಔಷಧದಂಗಡಿಯ ಮುಂದೆ ನಿಂತರೂ, ಮಳೆ, ಸಾಲ, ಮಾರುಕಟ್ಟೆಯ ದರ ಎಲ್ಲವನ್ನೂ ಸುತ್ತಿ ಬಂದ ಮಾತು ಕೊನೆಗೆ ನಿಲ್ಲುವುದು ಹುಳುವಿನ ಬಳಿಯಲ್ಲಿಯೇ. "ಮೊದಲ ಒಂದ್ ಸಲ ಹೊಡದ್ರ ಸಾಯ್ತಿತ್ರೀ, ಈಗ ಮೂರ್ ಸಲ ಹೊಡದ್ರೂ ಸಾಯವಲ್ದು, ಹುಳಕ್ಕ ಔಷಧ ರೂಢಿ ಆಗ್ಯಾದ" ಎಂದು ಹೇಳದ ರೈತನಿಲ್ಲ. ಈ ಮಾತಿನ ಪೂರ್ವಾರ್ಧ ಅನುಭವಸಿದ್ಧವಾದ ಸತ್ಯ. ಪ್ರಯೋಗಾಲಯದ ವಿದ್ವಾಂಸರು ಅಳೆದು ತೂಗಿ ಹೇಳಿರುವುದೂ ಅದನ್ನೇ. ಉತ್ತರಾರ್ಧ ಮಾತ್ರ, ಕೇಳುವುದಕ್ಕೆ ಎಷ್ಟು ಸಹಜವಾಗಿದ್ದರೂ, ನಿಜವಲ್ಲ. ಯಾವ ಹುಳುವಿಗೂ ಯಾವ ವಿಷವೂ ರೂಢಿಯಾಗಿಲ್ಲ. ಹೀಗಿದ್ದೂ ಹುಳು ಸಾಯುವುದಿಲ್ಲವೆಂಬುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟವನು ಜೀವವಿಕಾಸದ ಸಿದ್ಧಾಂತದ ನಡುಮನೆಗೇ ಬಂದು ಸೇರುವನು.

ನೈಸರ್ಗಿಕ ಆಯ್ಕೆ ಎಂದೊಡನೆ ನಮ್ಮ ಮನಸ್ಸು ಜಿರಾಫೆಯ ನೀಳ ಕೊರಳಿಗೋ, ಗಲಪಾಗಸ್ ದ್ವೀಪಗಳ ಗುಬ್ಬಚ್ಚಿಯಷ್ಟು ಚಿಕ್ಕ ಹಕ್ಕಿಗಳ ಕೊಕ್ಕಿಗೋ ಓಡಿಹೋಗುವುದು ವಾಡಿಕೆ. ಲಕ್ಷೋಪಲಕ್ಷ ವರ್ಷಗಳ ಹಿಂದೆ, ಯಾರೂ ನೋಡದ ಕಾಲದಲ್ಲಿ, ಯಾರೂ ಹೋಗದ ದೇಶದಲ್ಲಿ ನಡೆದುಹೋದ ಸಂಗತಿಯೆಂದು ಅದನ್ನು ದೂರವಿರಿಸಿ ನಿಶ್ಚಿಂತರಾಗಿರುವೆವು. ಆದರೆ ಈ ಜಿಲ್ಲೆಯಲ್ಲಿ ಅರವತ್ತು ವರ್ಷ ಬದುಕಿದ ಒಕ್ಕಲಿಗನೊಬ್ಬನ ಆಯುಷ್ಯದೊಳಗೇ, ಅವನ ಕಣ್ಣೆದುರಿಗೇ, ಅವನು ಬೆನ್ನಿಗೆ ಕಟ್ಟಿಕೊಂಡ ಪಂಪಿನ ನೆರವಿನಿಂದಲೇ, ಒಂದು ಪ್ರಾಣಿಯ ವಂಶ ತನ್ನ ಗುಣವನ್ನು ಬದಲಾಯಿಸಿಕೊಂಡಿದೆ.

ಆ ಪ್ರಾಣಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೃಷಿ ಇಲಾಖೆಯ ಹೊತ್ತಗೆಗಳಲ್ಲಿ ಇದಕ್ಕೆ ಕಾಯಿಕೊರಕವೆಂದು ಹೆಸರು. ವಿಜ್ಞಾನಿಗಳು ಹೆಲಿಕೋವರ್ಪ ಆರ್ಮಿಜೆರ ಎನ್ನುವರು. ಹೊಲದಲ್ಲಿ ಬರಿದೆ ಹುಳು, ಇಲ್ಲವೆ ಕೀಡಿ. ಮಾಸಲು ಕಂದುಬಣ್ಣದ, ಯಾರ ಗಮನವನ್ನೂ ಸೆಳೆಯದ ಪತಂಗವೊಂದು ಕತ್ತಲಾದ ಮೇಲೆ ಗಿಡದಿಂದ ಗಿಡಕ್ಕೆ ಹಾರುತ್ತ, ಮೊಗ್ಗಿಗೊಂದು ಎಳೆಗಾಯಿಗೊಂದರಂತೆ, ಅರ್ಧ ಮಿಲಿಮೀಟರಿನಷ್ಟು ಗಾತ್ರದ ಹಳದಿಬಿಳುಪಿನ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟುಹೋಗುವುದು. ಒಂದು ಹೆಣ್ಣು ತನ್ನ ಅಲ್ಪಾಯುಷ್ಯದಲ್ಲಿ ಸಾವಿರದಷ್ಟು ಮೊಟ್ಟೆಗಳನ್ನಿಡಬಲ್ಲದು. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಮರಿ ಮೊದಲು ಹೂವನ್ನೂ ಮೊಗ್ಗನ್ನೂ ಕೆರೆದು ತಿಂದು, ಬಲಿತ ಮೇಲೆ ಕಾಯಿಯ ಬದಿಯಲ್ಲಿ ಗುಂಡನೆಯ ತೂತು ಕೊರೆದು, ತಲೆಯನ್ನೂ ಮುಂಭಾಗವನ್ನೂ ಒಳಗೆ ತೂರಿಸಿ, ಹಿಂಭಾಗವನ್ನು ಹೊರಗೇ ಬಿಟ್ಟು, ಊಟಕ್ಕೆ ಕುಳಿತವರು ಬಾಗಿಲು ಮುಚ್ಚಿಕೊಳ್ಳುವಷ್ಟು ಸಂಕೋಚವೂ ಇಲ್ಲದೆ ಕಾಳನ್ನು ತಿನ್ನುವುದು. ಒಂದು ಕಾಯಿ ಬರಿದಾದೊಡನೆ ಪಕ್ಕದ ಕಾಯಿ. ಒಂದೇ ಗಿಡದ ಮೇಲೆ ಹಸಿರು ಹುಳುವೂ, ಕಂದು ಹುಳುವೂ, ನಸುಗೆಂಪಿನ ಹುಳುವೂ ಕೂಡಿಯೇ ಇರುವುದುಂಟು; ಒಂದನ್ನೊಂದು ತಿನ್ನುವುದೂ ಉಂಟು. ಎರಡು ಮೂರು ವಾರ ತಿಂದು ಕೊಬ್ಬಿ, ಒಂದೂವರೆ ಅಂಗುಲದಷ್ಟು ಬೆಳೆದು, ಅದು ಗಿಡದಿಂದಿಳಿದು ಎರೆಮಣ್ಣಿನ ಬಿರುಕುಗಳಲ್ಲಿ ಹುದುಗಿ ಕೋಶವಾಗುತ್ತದೆ, ಮತ್ತೆ ಪತಂಗವಾಗಿ ಹೊರಬರುತ್ತದೆ. ಹೀಗೆ ಒಂದು ತಲೆಮಾರೆಂದರೆ ಅದಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು, ಐದು ವಾರ. ಮನುಷ್ಯನ ಒಂದು ತಲೆಮಾರಿನೊಳಗೆ ಹುಳುವಿನ ನೂರಾರು ತಲೆಮಾರುಗಳು ಆಗಿಹೋಗುವುವೆಂಬ ಲೆಕ್ಕವನ್ನು ವಾಚಕರು ಇಲ್ಲಿಯೇ ಗಮನದಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುವುದು.

ಈ ಹುಳುವಿನ ಮೇಲೆ ಮನುಷ್ಯ ಸಾರಿದ ಯುದ್ಧದ ಚರಿತ್ರೆ ದೀರ್ಘವಾದುದೇನಲ್ಲ. 1980ರ ಸುಮಾರಿಗೆ ಫೆನ್‌ವಲರೇಟ್, ಸೈಪರ್‌ಮೆಥ್ರಿನ್ ಮೊದಲಾದ ಸಂಶ್ಲೇಷಿತ ಪೈರೆಥ್ರಾಯ್ಡುಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದಾಗ, ಅತ್ಯಲ್ಪ ಪ್ರಮಾಣದಲ್ಲಿ ಹೊಡೆದರೂ ಹುಳುಗಳು ಗಿಡದ ಬುಡಕ್ಕೆ ಉದುರಿಬೀಳುತ್ತಿದ್ದುದನ್ನು ಕಂಡು ರೈತರೂ ಅಧಿಕಾರಿಗಳೂ ಒಂದೇ ಸಮನಾಗಿ ಹಿಗ್ಗಿದರು. ಆ ಹಿಗ್ಗು ಏಳೆಂಟು ವರ್ಷ ಬಾಳಿತು. 1987ರಲ್ಲಿ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯ ಹೊಲಗಳಲ್ಲಿ, ಎಷ್ಟು ಹೊಡೆದರೂ ಹುಳು ಸಾಯದೆ ಬೆಳೆ ಕೈಬಿಟ್ಟುಹೋಯಿತು. ಅಲ್ಲಿಂದ ಹಿಡಿದು ತಂದ ಹುಳುಗಳನ್ನು ಪರೀಕ್ಷಿಸಿದಾಗ, ಹಿಂದೆ ಸಾಕಾಗುತ್ತಿದ್ದ ವಿಷಕ್ಕಿಂತ ಎಷ್ಟೋ ಪಾಲು ಹೆಚ್ಚಿನದನ್ನು ಅವು ತಾಳಿಕೊಂಡುದು ಕಂಡುಬಂದಿತು. ಈ ಪತಂಗ ರಾತ್ರಿಯ ಗಾಳಿಯನ್ನೇರಿ ನೂರಾರು ಮೈಲಿ ಹೋಗಬಲ್ಲದಾದಕಾರಣ ಆಂಧ್ರದ ಹತ್ತಿಯಲ್ಲಿ ಆದುದು ಆಂಧ್ರದಲ್ಲಿಯೇ ಉಳಿಯತಕ್ಕದ್ದೂ ಅಲ್ಲ. ಹತ್ತು ವರ್ಷಗಳಾದ ಮೇಲೆ, 1997-98ರ ಹಂಗಾಮಿನಲ್ಲಿ, ಅಕಾಲದಲ್ಲಿ ಸುರಿದ ಮಳೆಯೂ ಕಾಯಿಕೊರಕವೂ ಕೂಡಿ ಕಲಬುರಗಿ, ಬೀದರ ಜಿಲ್ಲೆಗಳ ತೊಗರಿಯನ್ನು ನೆಲಕಚ್ಚಿಸಿದುವು. ಸಾಲ ಮಾಡಿ ತಂದ ಔಷಧವನ್ನು ಮೇಲಿಂದ ಮೇಲೆ ಹೊಡೆದು, ಹುಳುವೂ ಸಾಯದೆ ಸಾಲವೂ ತೀರದೆ, ರೈತರಲ್ಲಿ ಕೆಲವರು ತಮ್ಮ ಜೀವವನ್ನೇ ಕಳೆದುಕೊಂಡರು. ಈ ಲೇಖನದ ವಿಷಯ ಬರಿಯ ಪಾಂಡಿತ್ಯಕ್ಕೆ ಸಂಬಂಧಿಸಿದ್ದಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ನಡೆದದ್ದೇನು? ಹುಳು ದಿನವೂ ಇಷ್ಟಿಷ್ಟು ವಿಷವುಂಡು ಗಟ್ಟಿಯಾಯಿತು, ಆ ಗಟ್ಟಿತನವನ್ನು ಮಕ್ಕಳಿಗೆ ಕೊಟ್ಟಿತು ಎಂದು ಊಹಿಸುವುದು ಮನುಷ್ಯಬುದ್ಧಿಗೆ ಸಹಜ. ಫ್ರಾನ್ಸ್ ದೇಶದ ಮಹಾಪಂಡಿತ ಲಾಮಾರ್ಕನು 1809ರಲ್ಲಿ ಪ್ರತಿಪಾದಿಸಿದುದೂ ಹೆಚ್ಚುಕಡಿಮೆ ಇಂತಹುದೇ. ಬದುಕಿನಲ್ಲಿ ಗಳಿಸಿದ ಗುಣವು ಸಂತಾನಕ್ಕೆ ಸಲ್ಲುವುದೆಂಬ ಆ ಭಾವನೆಯಲ್ಲಿ ಒಂದು ನ್ಯಾಯವಿದೆ, ಶ್ರಮಕ್ಕೆ ಫಲವುಂಟೆಂಬ ಸಮಾಧಾನವಿದೆ. ಇಲ್ಲದ್ದು ಪ್ರಮಾಣ ಮಾತ್ರ. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೇಸ್ ಇಬ್ಬರ ಬರಹಗಳೂ ಒಟ್ಟಿಗೆ ಓದಲ್ಪಟ್ಟಾಗ, ಮತ್ತು ಮರುವರ್ಷದ ನವೆಂಬರಿನಲ್ಲಿ ಡಾರ್ವಿನನ ಹೆಸರಾಂತ ಗ್ರಂಥ ಪ್ರಕಟವಾದಾಗ, ಲೋಕದ ಮುಂದೆ ಬಂದ ಉತ್ತರ ಬೇರೆ ತೆರನಾಗಿತ್ತು. ಒಂದೇ ಜಾತಿಯ ಜೀವಿಗಳು ಪರಸ್ಪರ ಒಂದೇ ಸಮನಾಗಿರುವುದಿಲ್ಲ. ಅವುಗಳ ಭೇದಗಳಲ್ಲಿ ಕೆಲವಾದರೂ ಸಂತಾನಕ್ಕೆ ಇಳಿಯುತ್ತವೆ. ಹುಟ್ಟಿದುವೆಲ್ಲ ಬದುಕಿ ಮಕ್ಕಳನ್ನು ಪಡೆಯುವಷ್ಟು ಎಡೆ ಈ ಲೋಕದಲ್ಲಿ ಇಲ್ಲ. ಆದಕಾರಣ ಯಾವ ಭೇದವು ತನ್ನನ್ನು ಹೊತ್ತ ಜೀವಿಯನ್ನು ಅಂದಿನ ಪರಿಸರದಲ್ಲಿ ಉಳಿಸುವುದೋ ಆ ಭೇದವೇ ಮುಂದಿನ ತಲೆಮಾರಿನಲ್ಲಿ ಹೆಚ್ಚು ಮಂದಿಯಲ್ಲಿ ಕಾಣಿಸಿಕೊಳ್ಳುವುದು. ಇಷ್ಟೇ ಆ ಸಿದ್ಧಾಂತ. ಇದರಲ್ಲಿ ಕಲಿಯುವವರಿಲ್ಲ, ಪ್ರಯತ್ನಿಸುವವರಿಲ್ಲ, ಗುರಿಯನ್ನು ಕಂಡವರಿಲ್ಲ. ಡಾರ್ವಿನನು ತನ್ನ ಗ್ರಂಥದ ಮೊದಲ ಅಧ್ಯಾಯವನ್ನು ದೂರದ ದ್ವೀಪಗಳಿಗಲ್ಲ, ಪಾರಿವಾಳ ಸಾಕುವವರ ಗೂಡಿಗೆ ಮೀಸಲಿಟ್ಟುದು ಅರ್ಥವತ್ತಾದ ಸಂಗತಿ. ತಳಿಗಾರನು ಬೇಕಾದುದನ್ನು ಉಳಿಸಿ ಬೇಡವಾದುದನ್ನು ಕಳೆಯುವಂತೆ, ಬೇಕುಬೇಡಗಳೇ ಇಲ್ಲದ ಪ್ರಕೃತಿಯೂ ಮಾಡುವುದೆಂಬುದನ್ನು ತೋರಿಸಲು ಅವನು ಆರಿಸಿಕೊಂಡ ದಾರಿ ಅದು.

ವಿಷ ತಾಳುವ ಗುಣ ವಿಷ ಬಿದ್ದ ಮೇಲೆ ಹುಟ್ಟುವುದೋ, ಬೀಳುವುದಕ್ಕೆ ಮುನ್ನವೇ ಇರುವುದೋ? ಈ ಪ್ರಶ್ನೆಗೆ ಜೋಷುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿಗಳು 1952ರಲ್ಲಿ ಕೊಟ್ಟ ಉತ್ತರದಷ್ಟು ಸರಳವೂ ಸುಂದರವೂ ಆದ ಪ್ರಯೋಗಗಳು ವಿಜ್ಞಾನದಲ್ಲಿ ವಿರಳ. ಬ್ಯಾಕ್ಟೀರಿಯಗಳು ಗುಂಪುಗುಂಪಾಗಿ ಬೆಳೆದ ಒಂದು ತಟ್ಟೆಯ ಮೇಲೆ ಮಖಮಲ್ ಬಟ್ಟೆಯನ್ನು ಒತ್ತಿ, ಅದೇ ಬಟ್ಟೆಯನ್ನು ಔಷಧ ಬೆರೆಸಿದ ಬೇರೆ ತಟ್ಟೆಗಳಿಗೆ ಮುದ್ರೆಯೊತ್ತಿದರು. ಮೂಲ ತಟ್ಟೆಯಲ್ಲಿ ಯಾವ ಗುಂಪು ಎಲ್ಲಿತ್ತೋ ನಕಲುಗಳಲ್ಲಿಯೂ ಅಲ್ಲಿಯೇ ಇರಬೇಕಷ್ಟೆ. ಔಷಧದ ತಟ್ಟೆಗಳಲ್ಲಿ ಸಾಯದೆ ಉಳಿದ ಗುಂಪುಗಳು ಎಲ್ಲದರಲ್ಲಿಯೂ ಒಂದೇ ಸ್ಥಾನದಲ್ಲಿದ್ದುವು. ಆ ಸ್ಥಾನವನ್ನು ನೋಡಿಕೊಂಡು, ಔಷಧವನ್ನು ಎಂದೂ ಮುಟ್ಟದ ಮೂಲ ತಟ್ಟೆಯಿಂದ ಅದೇ ಗುಂಪನ್ನು ತೆಗೆದು ಪರೀಕ್ಷಿಸಿದರೆ ಅದೂ ಔಷಧಕ್ಕೆ ಸಾಯಲಿಲ್ಲ. ಅಂದರೆ ಔಷಧವು ಆ ಗುಣವನ್ನು ಹುಟ್ಟಿಸಲಿಲ್ಲ; ಇದ್ದುದನ್ನು ಬೆಳಕಿಗೆ ತಂದಿತು.

ನಮ್ಮ ಕಾಯಿಕೊರಕದ ಮೈಯೊಳಗಿನ ಕಥೆಯೂ ಹೀಗೆಯೇ. ಪೈರೆಥ್ರಾಯ್ಡ್ ವಿಷವು ನರಗಳ ಮೇಲಿನ ಸೋಡಿಯಂ ದ್ವಾರಗಳನ್ನು ಮುಚ್ಚಗೊಡದೆ ತಡೆದು ಹುಳುವನ್ನು ಒದ್ದಾಡಿಸಿ ಕೊಲ್ಲುವುದು. ಆದರೆ ವಿಷವು ನರವನ್ನು ಮುಟ್ಟುವುದಕ್ಕೆ ಮೊದಲೇ ಅದನ್ನು ಒಡೆದು ನಿರುಪದ್ರವಿಯಾಗಿಸುವ ಕಿಣ್ವವೊಂದು ಇದ್ದರೆ? ಆಸ್ಟ್ರೇಲಿಯದ ವಿಷನಿರೋಧಕ ಹುಳುಗಳಲ್ಲಿ ಅಂತಹ ಕಿಣ್ವವನ್ನು ತಯಾರಿಸುವ ವಂಶವಾಹಿಯೊಂದನ್ನು ಸಂಶೋಧಕರು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಅದರ ಜನ್ಮವೃತ್ತಾಂತ ವಿನೋದಕರವಾದುದು: ಅಕ್ಕಪಕ್ಕದಲ್ಲಿದ್ದ ಎರಡು ಹಳೆಯ ವಂಶವಾಹಿಗಳು, ಸಂತಾನೋತ್ಪತ್ತಿಯ ಕಾಲದಲ್ಲಿ ನಡೆಯುವ ಕೊಡುಕೊಳ್ಳುವಿಕೆ ಒಮ್ಮೆ ತಪ್ಪುತಪ್ಪಾಗಿ ನಡೆದುದರಿಂದ, ಒಂದರ ತಲೆಗೆ ಇನ್ನೊಂದರ ಬಾಲ ಸೇರಿದಂತಾಗಿ ಹೊಸದೊಂದು ಹುಟ್ಟಿಕೊಂಡಿತು, ಆ ಹೊಸದಕ್ಕೆ ಫೆನ್‌ವಲರೇಟನ್ನು ಕೆಡಿಸುವ ಶಕ್ತಿ ಆಕಸ್ಮಿಕವಾಗಿ ಬಂದಿತು. ಇಂತಹ ಜೋಡಣೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ನಡೆದಿರುವುದಕ್ಕೆ ಅನಂತರದ ಸಂಶೋಧನೆಗಳಲ್ಲಿ ಪುರಾವೆ ದೊರೆಯಿತು. ವಿಷವಿಲ್ಲದ ಹೊಲದಲ್ಲಿ ಇಂತಹ ತಪ್ಪು ಯಾರಿಗೂ ತಿಳಿಯದೆ ಹುಟ್ಟಿ, ಯಾರಿಗೂ ತಿಳಿಯದೆ ಅಳಿದುಹೋಗಬಹುದು. ವಿಷ ಬಿದ್ದ ಹೊಲದಲ್ಲಿ ಆ ತಪ್ಪೇ ಸೌಭಾಗ್ಯ.

ಸೌಭಾಗ್ಯ ಎಷ್ಟು ಬೇಗ ಹಬ್ಬುವುದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡೋಣ. ಹತ್ತು ಲಕ್ಷ ಹುಳುಗಳಲ್ಲಿ ನೂರಕ್ಕೆ ಮಾತ್ರ, ಎಂದರೆ ಹತ್ತು ಸಾವಿರದಲ್ಲಿ ಒಂದಕ್ಕೆ, ವಿಷ ತಾಳುವ ಗುಣವಿದೆಯೆಂದುಕೊಳ್ಳಿ. ಔಷಧವು ಸಾಧಾರಣ ಹುಳುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಕೊಲ್ಲುವುದು, ತಾಳುವ ಹುಳುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವುದು. ಒಂದು ಸಲ ಹೊಡೆದ ಬಳಿಕ ಸಾಧಾರಣ ಹುಳುಗಳು ಸುಮಾರು ಹತ್ತು ಸಾವಿರ, ತಾಳುವವು ಐವತ್ತು ಉಳಿಯುವುವು. ಹೊಲ ನೋಡಿದವನಿಗೆ ನೂರಕ್ಕೆ ತೊಂಬತ್ತೊಂಬತ್ತು ಹುಳು ಸತ್ತ ಪರಮ ಸಂತೋಷ. ಆದರೆ ಹತ್ತು ಸಾವಿರದಲ್ಲಿ ಒಂದಾಗಿದ್ದುದು ಈಗ ಇನ್ನೂರರಲ್ಲಿ ಒಂದಾಯಿತು. ಇವುಗಳ ಮಕ್ಕಳು ತಾಯ್ತಂದೆಗಳಂತೆಯೇ ಇರುವುವೆಂದು ಲೆಕ್ಕವನ್ನು ಸರಳಗೊಳಿಸಿ, ಎರಡನೆಯ ತಲೆಮಾರಿಗೂ ಅದೇ ಔಷಧ ಹೊಡೆದರೆ ಐದರಲ್ಲಿ ಒಂದು. ಮೂರನೆಯದಕ್ಕೂ ಹೊಡೆದರೆ ಹತ್ತರಲ್ಲಿ ಒಂಬತ್ತಕ್ಕೂ ಮಿಗಿಲು. ಮೂರೇ ತಲೆಮಾರಿನಲ್ಲಿ ಅಪರೂಪದ್ದು ಸರ್ವಸಾಮಾನ್ಯವಾಯಿತು. ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಜರಡಿಯ ಮೇಲೆ ಉಳಿದ ದಪ್ಪ ಕಾಳು ತಾನಾಗಿ ದಪ್ಪವಾದುದಲ್ಲ, ಸಣ್ಣದೆಲ್ಲ ಕೆಳಗೆ ಬಿದ್ದುಹೋದುದರಿಂದ ರಾಶಿಗೆ ರಾಶಿಯೇ ದಪ್ಪವಾಗಿ ಕಂಡಿತು; ಹುಳುವಿನ ಹೊಲದಲ್ಲಿ ಜರಡಿ ಹಿಡಿದವನು ರೈತ, ಇಷ್ಟೇ ವ್ಯತ್ಯಾಸ, ಮತ್ತು ಜರಡಿಯ ಮೇಲೆ ಉಳಿದುದು ಇಲ್ಲಿ ಮತ್ತೆ ಸಾವಿರ ಸಾವಿರ ಮೊಟ್ಟೆಯಿಡುತ್ತದೆ.

ಇದು ಕಲಬುರಗಿಯ ಹುಳುವಿಗೆ ಮಾತ್ರ ಬಂದ ವಿದ್ಯೆಯೂ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹಣ್ಣಿನ ತೋಟಗಳ ಶಲ್ಕಕೀಟಗಳು ಸುಣ್ಣಗಂಧಕದ ದ್ರಾವಣಕ್ಕೆ ಸಾಯದಿರುವುದನ್ನು ಕಂಡು, ಕೀಟಗಳು ಔಷಧಕ್ಕೆ ನಿರೋಧ ಪಡೆಯಬಲ್ಲವೇ ಎಂದು ಮೆಲಾಂಡರ್ ಎಂಬ ವಿಜ್ಞಾನಿ 1914ರಲ್ಲಿಯೇ ಕೇಳಿದ್ದನು. ಡಿಡಿಟಿಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದುದಕ್ಕಾಗಿ ಪಾಲ್ ಮ್ಯುಲರನಿಗೆ 1948ರಲ್ಲಿ ನೊಬೆಲ್ ಬಹುಮಾನ ಬರುವ ಹೊತ್ತಿಗಾಗಲೇ ಯೂರೋಪಿನ ಮನೆನೊಣಗಳು ಆ ಡಿಡಿಟಿಯನ್ನು ಲೆಕ್ಕಿಸದೆ ಹಾರಾಡತೊಡಗಿದ್ದುವು.

ನಿಜವಾದ ಹೊಲ ನಮ್ಮ ಲೆಕ್ಕದ ಹೊಲದಷ್ಟು ಸರಳವಲ್ಲ. ಔಷಧ ಕಾಣದ ಎಡೆಗಳಿಂದ ಸಾಧಾರಣ ಪತಂಗಗಳು ಹಾರಿಬಂದು ತಾಳುವವುಗಳೊಡನೆ ಕೂಡುವುದರಿಂದ ಆ ಗುಣವು ಪ್ರತಿ ತಲೆಮಾರಿನಲ್ಲಿಯೂ ತೆಳುವಾಗುತ್ತಿರುವುದು. ಇದು ಎಷ್ಟು ಮುಖ್ಯವೆಂಬುದನ್ನು ನಮ್ಮ ದೇಶದ ಹತ್ತಿಯೇ, ಯಾರೂ ಯೋಜಿಸದ ಒಂದು ಮಹಾಪ್ರಯೋಗದಂತೆ, ತೋರಿಸಿಕೊಟ್ಟಿದೆ. 2002ರಲ್ಲಿ ಬಿಟಿ ಹತ್ತಿಗೆ ಸರ್ಕಾರದ ಅನುಮತಿ ದೊರೆಯಿತು. ಕಾಯಿಕೊರಕಗಳನ್ನು ಕೊಲ್ಲುವ ವಿಷವನ್ನು ಆ ಗಿಡ ತಾನೇ ತಯಾರಿಸಿಕೊಳ್ಳುವುದು. ಹತ್ತಿಯ ಶತ್ರುಗಳಲ್ಲಿ ಮುಖ್ಯವಾದವು ಎರಡು: ನಮ್ಮ ಹಸಿರು ಕಾಯಿಕೊರಕ, ಮತ್ತು ಗುಲಾಬಿ ಕಾಯಿಕೊರಕ. ಗುಲಾಬಿ ಹುಳುವಿಗೆ ಹತ್ತಿಯಲ್ಲದೆ ಬೇರೆ ಊಟ ಬಹುಮಟ್ಟಿಗೆ ಇಲ್ಲ; ಊರೂರಿಗೆ ಬಿಟಿ ಹತ್ತಿಯೇ ತುಂಬಿದಾಗ ಅದರ ಕುಲಕ್ಕೆಲ್ಲ ಒಂದೇ ಜರಡಿ ಬಿದ್ದಿತು, ಕೆಲವೇ ವರ್ಷಗಳಲ್ಲಿ ಗುಜರಾತಿನ ಅಮ್ರೇಲಿಯಿಂದ ಮೊದಲುಗೊಂಡು ಅದು ಬಿಟಿ ವಿಷಕ್ಕೆ ಸಾಯದಂತಾಯಿತು. ಹಸಿರು ಹುಳುವಾದರೋ ತೊಗರಿ, ಕಡಲೆ, ಟೊಮೇಟೊ, ಸೂರ್ಯಕಾಂತಿ ಎಂದು ನೂರಕ್ಕೂ ಮಿಕ್ಕ ಗಿಡಗಳನ್ನು ತಿನ್ನಬಲ್ಲದು. ಬಿಟಿ ಇಲ್ಲದ ಆ ಹೊಲಗಳಲ್ಲಿ ಸಾಧಾರಣ ಹುಳುಗಳು ಧಾರಾಳವಾಗಿ ಬೆಳೆದು ಬಂದು ಬೆರೆಯುತ್ತಿದ್ದುದರಿಂದ ಬಿಟಿಯ ಮಟ್ಟಿಗೆ ಅದು ಅಷ್ಟು ಬೇಗ ಗೆಲ್ಲಲಾಗಲಿಲ್ಲ. ಬಿಟಿ ಹತ್ತಿಬೀಜದ ಚೀಲದೊಡನೆ, ಹೊಲದ ಅಂಚಿಗೆ ಬಿತ್ತಲೆಂದು ಬೇರೆ ಬೀಜದ ಚಿಕ್ಕ ಪೊಟ್ಟಣವನ್ನು ಕೊಡುತ್ತಿದ್ದುದರ ಮರ್ಮ ಇದೇ. ಅದರಲ್ಲಿ ಎಷ್ಟೋ ವೇಳೆ ತೊಗರಿಯ ಬೀಜವೇ ಇರುತ್ತಿತ್ತು. ಹುಳುವಿಗೆಂದೇ ಒಂದಿಷ್ಟು ಬಿತ್ತುವುದೇ ಎಂದು ನಕ್ಕು ಅದನ್ನು ಎಸೆದವರು ಬಹಳ ಮಂದಿ. ಶತ್ರುವಿನ ಸಾಧುಸಂತಾನವನ್ನು ಸಾಕಿ ದುಷ್ಟಸಂತಾನವನ್ನು ಕುಗ್ಗಿಸುವ ಈ ಉಪಾಯದಷ್ಟು ಸೂಕ್ಷ್ಮವಾದ ರಾಜನೀತಿ ನಮ್ಮ ಅರ್ಥಶಾಸ್ತ್ರಕಾರರಿಗೂ ಹೊಳೆದಿರಲಾರದು.

ಭೇದವಿಲ್ಲದ ಕಡೆ ಆಯ್ಕೆಯೂ ಇಲ್ಲವೆಂಬುದನ್ನು ನೋಡಬೇಕಾದರೆ ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಕಮಲಾಪುರಕ್ಕೆ ಹೋಗಬೇಕು. ಕಮಲಾಪುರ, ರಾಜನಾಳ, ನಾವನಿಹಾಳಗಳ ತೋಟಗಳಲ್ಲಿ ಬೆಳೆಯುವ ಕೆಂಪು ಬಾಳೆ ಭೌಗೋಳಿಕ ಮಾನ್ಯತೆ ಪಡೆದ ಹಣ್ಣು. ಗಾಢವಾದ ಕೆಂಪು ಸಿಪ್ಪೆ, ಒಳಗೆ ಕೆನೆಬಣ್ಣದ ತಿರುಳು, ಇತರ ಬಾಳೆಗಿಂತ ನಿಧಾನವಾಗಿ ಬರುವ ಗೊನೆ, ಅದಕ್ಕೆ ತಕ್ಕ ಬೆಲೆ, ಆದುದರಿಂದಲೇ ಶ್ರೀಮಂತರ ಹಣ್ಣೆಂಬ ಬಿರುದು. ಈ ಬಾಳೆಯ ಜೀವಕೋಶಗಳಲ್ಲಿ ವರ್ಣತಂತುಗಳು ಎರಡೆರಡರ ಬದಲು ಮೂರುಮೂರಾಗಿರುವುದರಿಂದ ಅದಕ್ಕೆ ಬೀಜವಿಲ್ಲ, ಬೀಜವಿಲ್ಲದ್ದರಿಂದ ತಾಯ್ತಂದೆಗಳ ಗುಣಗಳು ಕಲಸಿ ಹೊಸದು ಹುಟ್ಟುವ ಸಂಭವವಿಲ್ಲ. ತಾಯಿಗಿಡದ ಬುಡದಲ್ಲಿ ಎದ್ದ ಮರಿಯನ್ನು ಕಿತ್ತು ನೆಟ್ಟರೆ ಅದು ತಾಯಿಯ ತದ್ರೂಪ. ಎಲ್ಲಿಯೋ ಒಮ್ಮೆ ಜೀವಕೋಶದಲ್ಲಾದ ವ್ಯತ್ಯಾಸದಿಂದ ಕೆಂಪು ಬಾಳೆಯಲ್ಲಿ ಹಸಿರು ಸಿಪ್ಪೆಯ ಗೊನೆ ಕಾಣಿಸಿಕೊಳ್ಳುವುದುಂಟು. ಅದನ್ನು ಬಿಟ್ಟರೆ ತೋಟಕ್ಕೆ ತೋಟವೇ ಒಂದೇ ಗಿಡವೆನ್ನಬಹುದು. ಬೆಳೆಗಾರನಿಗೆ ಇದು ಅನುಕೂಲ, ರುಚಿ ಎಂದೂ ತಪ್ಪದು. ಆದರೆ ಅಂತಹ ತೋಟಕ್ಕೆ ಒಂದು ಗಿಡವನ್ನು ಕೊಲ್ಲಬಲ್ಲ ರೋಗ ಹೊಕ್ಕರೆ ಎಲ್ಲವನ್ನೂ ಕೊಲ್ಲಬಲ್ಲದು, ತಾಳಿಕೊಂಡು ಉಳಿಯತಕ್ಕ ಹತ್ತು ಸಾವಿರದಲ್ಲೊಂದು ಅಲ್ಲಿಲ್ಲ. ಒಂದು ಕಾಲಕ್ಕೆ ಲೋಕದ ಮಾರುಕಟ್ಟೆಯನ್ನೆಲ್ಲ ಆಳಿದ ಗ್ರೋಸ್ ಮಿಷೆಲ್ ಎಂಬ ಬಾಳೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ, ಕಳೆದ ಶತಮಾನದ ಮಧ್ಯಭಾಗದಲ್ಲಿ ಮಧ್ಯ ಅಮೆರಿಕದ ತೋಟಗಳಿಂದ ಬಹುಮಟ್ಟಿಗೆ ಮಾಯವಾದುದು ಹೀಗೆಯೇ. ತೊಗರಿಯ ಹುಳುವಿಗೂ ಕಮಲಾಪುರದ ಬಾಳೆಗೂ ಇರುವ ಅಂತರ ಇದು: ಹುಳುವಿನಲ್ಲಿ ಪ್ರತಿಯೊಂದೂ ತುಸು ಬೇರೆ, ಬಾಳೆಯಲ್ಲಿ ಎಲ್ಲವೂ ಒಂದೇ.

ಹೊಂದಾಣಿಕೆಯೆಂದರೆ ಉತ್ಕರ್ಷವೆಂದು ತಿಳಿಯುವುದು ಇನ್ನೊಂದು ಭ್ರಮೆ. ವಿಷ ತಾಳುವ ಹುಳು ಸಾಧಾರಣ ಹುಳುವಿಗಿಂತ ಶ್ರೇಷ್ಠವೇನಲ್ಲ. ವಿಷವಿಲ್ಲದ ಎಡೆಯಲ್ಲಿ ಅನೇಕ ಸಂದರ್ಭಗಳಲ್ಲಿ ಅದು ನಿಧಾನವಾಗಿ ಬೆಳೆಯುವುದು, ಕಡಿಮೆ ಮೊಟ್ಟೆಯಿಡುವುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ಅಪರೂಪವೆಂದು ಹಿಡಿದ ಕರಿಯ ಪತಂಗವು, ಗಿರಣಿಗಳ ಮಸಿ ಮರಗಳಿಗೆಲ್ಲ ಹತ್ತಿ ಹಕ್ಕಿಗಳ ಕಣ್ಣಿಗೆ ಅದೇ ಜಾತಿಯ ಬಿಳಿಯ ಪತಂಗವೇ ಎದ್ದುಕಂಡಾಗ, 1895ರ ಹೊತ್ತಿಗೆ ಆ ಪ್ರದೇಶದಲ್ಲಿ ನೂರಕ್ಕೆ ತೊಂಬತ್ತೆಂಟಾಯಿತು. ಹೊಗೆಯನ್ನು ಹತೋಟಿಯಲ್ಲಿಡುವ ಶಾಸನ 1956ರಲ್ಲಿ ಬಂದು ಮರಗಳು ಮತ್ತೆ ತಿಳಿಯಾದಂತೆ ಕರಿಯದು ಕ್ಷೀಣಿಸಿತು. ಒಂದು ಕಾಲದ ರಕ್ಷೆ ಇನ್ನೊಂದು ಕಾಲದ ಮೃತ್ಯು. ಇನ್ನೊಂದು ಮಾತು. ಕಲಬುರಗಿಯ ಕರಿನೆಲದ ಮಿಡತೆಗೂ ಕಮಲಾಪುರದ ಕಡೆಯ ಕೆಂಪು ನೆಲದ ಮಿಡತೆಗೂ ಬಣ್ಣ ಬೇರೆಯೆಂದು ಕಂಡೊಡನೆ ಇಲ್ಲಿಯೂ ಆಯ್ಕೆ ನಡೆಯಿತೆಂದು ಆತುರಪಡಬಾರದು. ಕೆಲವು ಮಿಡತೆಗಳು ಪೊರೆ ಬಿಡುವಾಗ ತಾವು ಕುಳಿತ ನೆಲದ ಬಣ್ಣಕ್ಕೆ ತಮ್ಮ ಬಣ್ಣವನ್ನು ಒಂದೇ ಜನ್ಮದಲ್ಲಿ ಹೊಂದಿಸಿಕೊಳ್ಳಬಲ್ಲವು. ಆ ಬದಲಾವಣೆ ಮಕ್ಕಳಿಗೆ ಹೋಗದು. ಬದಲಾಗುವ ಸಾಮರ್ಥ್ಯ ಮಾತ್ರ ಹೋಗುವುದು, ಮತ್ತು ಆಯ್ಕೆಯ ಫಲವೆಂದರೆ ಆ ಸಾಮರ್ಥ್ಯವೇ.

ಗಿಡವೂ ಸುಮ್ಮನೆ ಕುಳಿತಿಲ್ಲ. ತೊಗರಿಯ ಕಾಡುಬಂಧುವೊಂದು, ನೆಲದ ಮೇಲೆ ಹಬ್ಬುವ ಬಳ್ಳಿ, ನಮ್ಮ ದೇಶದಲ್ಲಿ ಅನೇಕ ಕಡೆ ಬೆಳೆಯುತ್ತದೆ. ಅದರ ಕಾಯಿಯನ್ನು ಬೆರಳಿನಲ್ಲಿ ಸವರಿದರೆ ದಟ್ಟವಾದ ಕೂದಲು ಸಿಕ್ಕುವುದು. ಆಗತಾನೆ ಮೊಟ್ಟೆಯೊಡೆದ ಮರಿಹುಳುವಿಗೆ ಆ ಕೂದಲಿನ ಕಾಡನ್ನು ದಾಟಿ ಸಿಪ್ಪೆಯನ್ನು ಮುಟ್ಟುವುದೇ ದುಸ್ಸಾಧ್ಯ. ಸಾವಿರಾರು ವರ್ಷ ದಪ್ಪ ಕಾಳಿಗೆಂದೂ ಒಳ್ಳೆಯ ಬೇಳೆಗೆಂದೂ ನಾವು ಆರಿಸಿ ಆರಿಸಿ ಬಿತ್ತಿದ ತೊಗರಿಗೆ ಅಂತಹ ಕವಚವಿಲ್ಲ. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯವರು ಈ ಕಾಡುಗುಣವನ್ನು ಅಧ್ಯಯನ ಮಾಡಿದ್ದಾರೆ. ಸೊರಗು ರೋಗವನ್ನು ತಾಳುವ ಮಾರುತಿ ಎಂಬ ತೊಗರಿ ತಳಿ 1986ರಲ್ಲಿ ಕರ್ನಾಟಕಕ್ಕೆ ಬಂದು ಎಷ್ಟೋ ಹೊಲಗಳನ್ನು ಉಳಿಸಿತು. ರೋಗಕ್ಕೆ ದೊರೆತಂತಹ ಉತ್ತರ ಹುಳುವಿಗೆ ಇನ್ನೂ ದೊರೆತಿಲ್ಲ.

1997-98ರ ಪೆಟ್ಟಿನ ಬಳಿಕ ಈ ಜಿಲ್ಲೆಯ ಹೊಲಗಳಲ್ಲಿ ಪ್ರಚಾರಕ್ಕೆ ಬಂದ ಉಪಾಯವೊಂದನ್ನು ಹೇಳದೆ ಮುಂದುವರಿಯುವುದು ಸಲ್ಲದು. ಒಬ್ಬನು ಸಾಲುಗಳ ನಡುವೆ ತಾಡಪತ್ರಿಯನ್ನು ಎಳೆಯುತ್ತ ಹೋಗುವನು, ಇನ್ನಿಬ್ಬರು ಗಿಡಗಳನ್ನು ಹಿಡಿದು ಜಾಡಿಸುವರು. ಬಲಿತ ಹುಳುಗಳು ಪಟಪಟನೆ ಉದುರುವುವು. ಅವನ್ನು ಗುಡ್ಡೆ ಮಾಡಿ ನಾಶಪಡಿಸುವುದೋ, ಮನೆಯ ಕೋಳಿಗಳಿಗೆ ಹಾಕುವುದೋ ಉಂಟು. ಪೈರೆಥ್ರಾಯ್ಡನ್ನು ಕೆಡಿಸುವ ಕಿಣ್ವ ಇರಲಿ ಬಿಡಲಿ, ತಾಡಪತ್ರಿಗೆ ಬಿದ್ದ ಹುಳುವಿಗೆ ಅದರಿಂದ ಉಪಯೋಗವಿಲ್ಲ. ತೊಗರಿಯೊಡನೆ ಅಲ್ಲಲ್ಲಿ ಜೋಳವನ್ನು ಬೆರೆಸಿ ಬಿತ್ತಿ, ಅಡ್ಡಗೋಲು ನೆಟ್ಟು, ಕಾಜಾಣ ಗೊರವಂಕಗಳಿಗೆ ಕೂರಲು ಎಡೆಮಾಡಿಕೊಡುವುದರ ಹಿಂದೆಯೂ ಇದೇ ವಿವೇಕವಿದೆ. ಕಟ್ಟುನಿಟ್ಟಾಗಿ ಹೇಳುವುದಾದರೆ, ಜಾಡಿಸುವುದೂ ಒಂದು ಆಯ್ಕೆಯೇ. ನೂರಾರು ವರ್ಷ ಎಲ್ಲರೂ ಎಲ್ಲ ಗಿಡಗಳನ್ನೂ ಜಾಡಿಸುತ್ತಲೇ ಇದ್ದರೆ ಕೊಂಬೆಯನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಹುಳುಗಳ ಕುಲ ಬೆಳೆದೀತು. ಆದರೆ ಕೂಲಿಯ ದರ ಏರಿರುವ ಈ ದಿನಗಳಲ್ಲಿ ಅಷ್ಟೊಂದು ಜಾಡಿಸುವವರು ಸಿಕ್ಕುವುದಿಲ್ಲವಾಗಿ, ಆ ಭಯಕ್ಕೆ ಸದ್ಯಕ್ಕೆ ಕಾರಣವಿಲ್ಲ.

ನಿಜವಾದ ಭಯ ಇರುವುದು ಅಂಗಡಿಯ ಕಪಾಟಿನಲ್ಲಿ. ಬೇರೆ ಬೇರೆ ಕಂಪನಿಗಳ ಬೇರೆ ಬೇರೆ ಬಣ್ಣದ ಡಬ್ಬಗಳೊಳಗೆ ಒಂದೇ ವರ್ಗದ ರಾಸಾಯನಿಕ ಇರುವುದು ಸಾಮಾನ್ಯ. ಒಂದರಿಂದ ಹುಳು ಸಾಯದಾಗ ರೈತನು ಇನ್ನೊಂದನ್ನು ಕೊಳ್ಳುವನು, ತಾನು ಔಷಧ ಬದಲಾಯಿಸಿದೆನೆಂದು ನಂಬುವನು. ಹುಳುವಿನ ಕಿಣ್ವಕ್ಕೆ ಡಬ್ಬದ ಬಣ್ಣ ಕಾಣದು. ಕೆಲಸ ಮಾಡುವ ಬಗೆಯೇ ಬೇರೆಯಾದ ಔಷಧವನ್ನು ಸರದಿಯಂತೆ ಉಪಯೋಗಿಸಿದರೆ ಒಂದೇ ಗುಣಕ್ಕೆ ಮತ್ತೆ ಮತ್ತೆ ಮನ್ನಣೆ ದೊರೆಯುವುದಿಲ್ಲ, ಮತ್ತು ಹುಳುವಿನ ಎಣಿಕೆ ನಷ್ಟದ ಮಟ್ಟ ಮುಟ್ಟುವ ಮುನ್ನ ಹೊಡೆಯದೇ ಇದ್ದರೆ ಸಾಧಾರಣ ಹುಳುಗಳು ಉಳಿದು ನಮಗೇ ಉಪಕಾರ ಮಾಡುವುವು. ಕೃಷಿ ವಿಜ್ಞಾನಿಗಳು ಇದನ್ನು ಹೇಳುತ್ತಲೇ ಬಂದಿದ್ದಾರೆ. ಹುಳು ರೂಢಿ ಮಾಡಿಕೊಂಡಿದೆಯೆಂದು ನಂಬಿದವನು ಇನ್ನಷ್ಟು ಬಲವಾಗಿ ಹೊಡೆಯುವನು. ಹುಳು ಆರಿಸಲ್ಪಟ್ಟಿದೆಯೆಂದು ತಿಳಿದವನು ಕೈ ತಡೆಯುವನು. ಆದುದರಿಂದ ಸಿದ್ಧಾಂತ ಸರಿಯಾಗಿರಬೇಕಾದುದು ಪಂಡಿತರ ಗೌರವಕ್ಕಾಗಿ ಅಲ್ಲ.

ಇಂತಹ ಸಿದ್ಧಾಂತವನ್ನು, ಮಕ್ಕಳ ಹೊರೆ ಇಳಿಸುವ ಹೆಸರಿನಲ್ಲಿ, ಎನ್‌ಸಿಇಆರ್‌ಟಿಯವರು ಹತ್ತನೆಯ ತರಗತಿಯ ವಿಜ್ಞಾನದ ಪಠ್ಯದಿಂದ ಕೈಬಿಟ್ಟರು; 2023ರ ಏಪ್ರಿಲಿನಲ್ಲಿ ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕಿಳಿಯುವ ಮಕ್ಕಳು ಎಷ್ಟೋ ಮಂದಿ ಇರುವ ನಾಡಿನಲ್ಲಿ ಆ ಪಾಠ ಮುಂದಿನ ತರಗತಿಗಳಲ್ಲಿದೆಯೆಂಬ ಸಮಾಧಾನ ಸಮಾಧಾನವೇ ಅಲ್ಲ. ಕಲಬುರಗಿ, ಕಮಲಾಪುರಗಳ ಶಾಲಾ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ: ಪಠ್ಯದಲ್ಲಿ ಇರಲಿ ಇಲ್ಲದಿರಲಿ, ಬರುವ ಕಾರ್ತಿಕದಲ್ಲಿ, ತೊಗರಿ ಹೂವಾಗಿ ಕಾಯಿ ಕಚ್ಚುವ ಹೊತ್ತಿಗೆ, ಮಕ್ಕಳನ್ನು ಒಂದು ಬೆಳಿಗ್ಗೆ ಹತ್ತಿರದ ಹೊಲಕ್ಕೆ ಕರೆದುಕೊಂಡು ಹೋಗಿರಿ, ಔಷಧ ಹೊಡೆದು ವಾರವಾದ ಹೊಲವಾದರೆ ಇನ್ನೂ ಒಳ್ಳೆಯದು. ಬದುಕಿ ಉಳಿದಿರುವ ಒಂದು ಹುಳುವನ್ನು ತೋರಿಸಿ, ಇದು ಏಕೆ ಸಾಯಲಿಲ್ಲವೆಂದು ಕೇಳಿರಿ, ಮತ್ತು ಅವರು ಕೊಡುವ ಮೊದಲನೆಯ ಉತ್ತರವನ್ನು ಒಪ್ಪಿಕೊಳ್ಳಬೇಡಿರಿ.